ಕೌದಿ: ಮುಪ್ಪಿನ ಬಿಡುವು ಮತ್ತು ಸೃಷ್ಟಿಯ ಸುಖ – ಒಂದು ಚಾರಿತ್ರಿಕ ಅವಲೋಕನ

ಉತ್ತರ ಕರ್ನಾಟಕದ ಜನಜೀವನವನ್ನು ಕುರಿತ ಬರಹಗಳಲ್ಲಿ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಧಾರವಾಡ ಪರಿಸರದ ಕಸೂತಿ ಇವುಗಳಿಗೆ ದೊರೆತ ಸ್ಥಾನ ಕೌದಿಗೆ ದೊರೆತಿಲ್ಲ. ಸೀರೆಗೆ ಮಗ್ಗವಿದೆ, ನೇಕಾರನಿದ್ದಾನೆ, ಪೇಟೆಯಿದೆ. ಆದ್ದರಿಂದ ಅದಕ್ಕೆ ಲೆಕ್ಕಪತ್ರವೂ ಉಂಟು, ಇತಿಹಾಸವೂ ಉಂಟು. ಕೌದಿಯಾದರೋ ಆ ಸೀರೆ ಹರಿದ ಮೇಲೆ ಹುಟ್ಟುವ ವಸ್ತು. ಅದನ್ನು ಹೊಲಿಯುತ್ತಿದ್ದವರು ಬಹುಮಟ್ಟಿಗೆ ಮನೆಯ ಹಿರಿಯ ಹೆಂಗಸರು. ಹೊಲದ ಕೆಲಸವನ್ನೂ ಒಲೆಯ ಮುಂದಿನ ಕೆಲಸವನ್ನೂ ಸೊಸೆಯಂದಿರಿಗೆ ಒಪ್ಪಿಸಿ ಪಡಸಾಲೆಗೆ ಬಂದು ಕುಳಿತವರು. ಈ ಸಂಗತಿಯನ್ನು ಎಲ್ಲರೂ ಬಲ್ಲರು. ಆದರೆ ಇದನ್ನೊಂದು ಚಾರಿತ್ರಿಕ ಪ್ರಶ್ನೆಯಾಗಿ ಎತ್ತಿಕೊಂಡವರು ವಿರಳ. ಕೌದಿಯ ಇತಿಹಾಸವು ಕೈಕಸುಬಿನ ಇತಿಹಾಸವಾಗಿರುವಷ್ಟೇ ಹೆಣ್ಣಿನ ವೃದ್ಧಾಪ್ಯದ ಇತಿಹಾಸವೂ ಆಗಿದೆ ಎಂಬುದು ಪ್ರಸ್ತುತ ಲೇಖನದ ನಿಲುವು.

‘ನಿವೃತ್ತಿ’ ಎಂಬ ಶಬ್ದವನ್ನು ಇಂದು ನಾವು ಬಳಸುವ ಅರ್ಥ ತೀರ ಈಚಿನದು. ಶಾಸ್ತ್ರಗ್ರಂಥಗಳಲ್ಲಿ ಅದು ಪ್ರವೃತ್ತಿಗೆ ಎದುರಾದ ಮಾರ್ಗ, ಲೌಕಿಕದಿಂದ ಹಿಂದೆಗೆಯುವುದು. ವಯಸ್ಸಿನ ಗಡಿ ದಾಟಿದವನು ಪಿಂಚಣಿ ಪಡೆದು ಮನೆಗೆ ಮರಳುವ ವ್ಯವಸ್ಥೆ ಬ್ರಿಟಿಷರ ಕಾಲದ ಸರಕಾರಿ ನೌಕರಿಯ ಜತೆಗೆ ಬೆಳೆದದ್ದು. ಒಕ್ಕಲುತನದ ಮನೆಯ ಹೆಣ್ಣಿಗೆ ಈ ಎರಡೂ ಅರ್ಥಗಳು ಹೊಂದುವುದಿಲ್ಲ. ಅವಳು ಕಾಡಿಗೂ ಹೋಗಲಿಲ್ಲ, ಪಿಂಚಣಿಯನ್ನೂ ಪಡೆಯಲಿಲ್ಲ. ಉಗ್ರಾಣದ ಕೀಲಿಕೈ ಒಬ್ಬಳ ಸೊಂಟದಿಂದ ಇನ್ನೊಬ್ಬಳ ಸೊಂಟಕ್ಕೆ ದಾಟಿದ ದಿನವೇ ಅವಳ ನಿವೃತ್ತಿ. ಕರ್ನಾಟಕ ಸರಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷವನ್ನು ಮುಪ್ಪಿನ ಗಡಿಯೆಂದು ಹಿಡಿಯಿತು. ಮನೆತನದ ಲೆಕ್ಕದಲ್ಲಿ ಅಂತಹ ಅಂಕಿಯಿರಲಿಲ್ಲ. ಬಗ್ಗಿ ಕಳೆ ತೆಗೆಯಲು ಸೊಂಟ ಒಪ್ಪದಿದ್ದರೆ ಸಾಕಾಗಿತ್ತು. ಜನಗಣತಿಯ ಕೋಷ್ಟಕಗಳು ಇಂಥವರನ್ನು ದುಡಿಯದವರ ಸಾಲಿನಲ್ಲಿ, ಗೃಹಕೃತ್ಯದವರು ಅಥವಾ ಅವಲಂಬಿತರು ಎಂಬ ಶೀರ್ಷಿಕೆಯ ಕೆಳಗೆ ಸೇರಿಸುತ್ತ ಬಂದಿವೆ. ಮನೆಯ ಬಳಕೆಗಾಗಿ ಹೊಲಿದ ಕೌದಿ ಯಾವ ಕೋಷ್ಟಕದಲ್ಲಿಯೂ ದುಡಿಮೆಯಾಗಿ ಕಾಣಿಸದು.

ವಸ್ತುವಿಗೆ ಮಾತ್ರ ಹಳೆಯ ಹೆಸರುಗಳಿವೆ. ಸಂಸ್ಕೃತದ ‘ಕಂಥಾ’ ಕನ್ನಡದಲ್ಲಿ ‘ಕಂಥೆ’ಯಾಗಿ ಜೋಗಿಗಳ, ಸಿದ್ಧರ ಉಡುಗೆಯನ್ನು ಸೂಚಿಸಿತು. ಇದೇ ಶಬ್ದ ಬಂಗಾಳದಲ್ಲಿ ಹೊದಿಕೆಯ ಹೆಸರಾಗಿ ಉಳಿಯಿತು. ಬೌದ್ಧರ ವಿನಯಪಿಟಕವು ಭಿಕ್ಷುಗಳ ಚೀವರವನ್ನು ತುಂಡು ಜೋಡಿಸಿ ಹೊಲಿಯುವ ಕ್ರಮವನ್ನು ಮಗಧದ ಗದ್ದೆಗಳ ವಿನ್ಯಾಸಕ್ಕೆ ಹೋಲಿಸಿ ವಿವರಿಸುತ್ತದೆ. ಕನ್ನಡದ ಇನ್ನೊಂದು ಶಬ್ದ ‘ಬೊಂತೆ’. 12ನೆಯ ಶತಮಾನದ ವಚನಕಾರ್ತಿ, ‘ಬಿಡಾಡಿ’ ಅಂಕಿತದ ಬೊಂತಾದೇವಿಯ ಹೆಸರಿನಲ್ಲಿಯೇ ಈ ಶಬ್ದ ನಿಂತಿದೆ. ಬೆತ್ತಲೆಯಾಗಿದ್ದ ಆಕೆಗೆ ಶಿವನೇ ಬೊಂತೆಯನ್ನು ಹೊದಿಸಿದನೆಂಬ ಕಥೆ ಪ್ರಚಲಿತ. ಆದರೆ ಈ ಉಲ್ಲೇಖಗಳೆಲ್ಲ ತೊಟ್ಟವರನ್ನು ಕುರಿತವು. ವೈರಾಗ್ಯದ ಲಾಂಛನವಾದ ಆ ಬೊಂತೆಯನ್ನು ಹೊಲಿದ ಕೈ ಯಾರದೆಂದು ಯಾರೂ ಕೇಳಲಿಲ್ಲ. ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯಿದ್ದಾನೆ. ಅವನ ಸೂಜಿಗೆ ಕಾಯಕವೆಂಬ ಗೌರವ ಸಂದಿತು. ಪಡಸಾಲೆಯ ಸೂಜಿಗೆ ಅದು ಸಲ್ಲಲಿಲ್ಲವೆಂಬುದನ್ನು ಇಲ್ಲಿ ಗುರುತಿಸಿಡಬೇಕು.

ಕೌದಿಯ ರಚನಾಕ್ರಮ ಸರಳವಾಗಿ ಕಂಡರೂ ಅದರಲ್ಲಿ ನಿರ್ಣಯಗಳು ಅನೇಕ. ಹಳೆಯ ಸೀರೆ, ಧೋತರ, ಕುಬಸ, ಅಂಗಿಗಳು ವರ್ಷಗಟ್ಟಲೆ ಗಂಟಿನಲ್ಲಿ ಕೂಡುತ್ತವೆ. ಒಗೆದು ಒಣಗಿಸಿದ ಮೇಲೆ ಇನ್ನೂ ಗಟ್ಟಿಯಿರುವ ಭಾಗವನ್ನು ಮೇಲ್ಪದರಕ್ಕೆ, ಸವೆದದ್ದನ್ನು ಒಳಪದರಕ್ಕೆ ಎಂದು ಬೇರ್ಪಡಿಸಬೇಕು. ನೆಲದ ಮೇಲೆ ಅಗಲವಾದ ಸೀರೆಯನ್ನು ಹಾಸಿ, ಅದರ ಮೇಲೆ ಪದರಗಳನ್ನು ಸುಕ್ಕಿಲ್ಲದಂತೆ ಹರಡಿ, ಅಂಚು ಮಡಚಿ, ದಪ್ಪ ದಾರದ ಸಾಲುಹೊಲಿಗೆಯನ್ನು ಅಂಚಿನಿಂದ ಒಳಕ್ಕೆ ಒಯ್ಯುತ್ತಾರೆ. ಅಂಚಿನ ಒಂದು ಮೂಲೆಯಲ್ಲಿ ಎಳೆತ ತಪ್ಪಿದರೆ ನಡುವೆ ಬಟ್ಟೆ ಗುಬ್ಬಿಸಿಕೊಳ್ಳುತ್ತದೆ. ಆಗ ಬಿಚ್ಚದೆ ಗತ್ಯಂತರವಿಲ್ಲ. ಇದು ಅವಸರದವರ ಕೆಲಸವಲ್ಲ. ಸುಗ್ಗಿ ಮುಗಿದ ಬೇಸಗೆಯ ಮಧ್ಯಾಹ್ನಗಳು ಇದಕ್ಕೆ ಒದಗುತ್ತಿದ್ದವು. ನೆರೆಯ ಮುದುಕಿಯರು ತಲಾ ಒಂದು ಬದಿ ಹಿಡಿದು ಕುಳಿತರೆ ಸಾಲುಗಳ ಜತೆಗೆ ಹಾಡು, ಒಗಟು, ಊರಿನ ಸುದ್ದಿ ಎಲ್ಲವೂ ಸಾಗುತ್ತಿತ್ತು. ಕಣ್ಣು ಮಂಜಾದವಳಿಗೆ ಸೂಜಿ ಪೋಣಿಸಿಕೊಡುವುದು ಮೊಮ್ಮಕ್ಕಳ ಪಾಲಿನ ಕೆಲಸ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬಡತನದ ಅನಿವಾರ್ಯತೆಯಿಂದ, ಚಳಿಗೆ ಹೊದೆಯಲಿಕ್ಕೆಂದು ಮಾಡಿದ ವಸ್ತುವಿನಲ್ಲಿ ಸೃಷ್ಟಿಶೀಲ ಆನಂದವನ್ನು ಹುಡುಕುವುದು ಇಂದಿನ ಬಿಡುವುಳ್ಳವರ ಕಲ್ಪನೆಯಲ್ಲವೆ? ಆಕ್ಷೇಪ ನ್ಯಾಯವಾದುದೇ. ಹೊಲಿದವರು ಬರೆದಿಟ್ಟದ್ದು ಏನೂ ಇಲ್ಲದಿರುವಾಗ ಉತ್ತರವನ್ನು ವಸ್ತುವಿನಲ್ಲಿಯೇ ಹುಡುಕಬೇಕು. ಬೆಚ್ಚಗಿರಲು ಬೇಕಾದದ್ದೆಷ್ಟು, ಅದನ್ನು ಮೀರಿ ಮಾಡಿದ್ದೆಷ್ಟು ಎಂದು ಬೇರ್ಪಡಿಸಿ ನೋಡುವುದೇ ಇದಕ್ಕೆ ತಕ್ಕ ಪರೀಕ್ಷೆ. ಪದರಗಳನ್ನು ಬಿಗಿಯಾಗಿ ಹಿಡಿಯಲು ಅಂಗೈ ಅಗಲಕ್ಕೊಂದು ಸಾಲು ಸಾಕು. ಅನೇಕ ಕೌದಿಗಳಲ್ಲಿ ಸಾಲುಗಳು ಬೆರಳಗಲಕ್ಕೂ ಕಡಿಮೆ ಅಂತರದಲ್ಲಿವೆ. ಮೇಲ್ಪದರದ ತುಂಡುಗಳು ಯಾವ ಕ್ರಮದಲ್ಲಿದ್ದರೂ ಚಳಿ ತಡೆಯುತ್ತವೆ. ಆದರೂ ಕೆಂಪು ಸೆರಗಿನ ತುಂಡಿಗೆ ಎದುರು ಮೂಲೆಯಲ್ಲಿ ಇನ್ನೊಂದು ಕೆಂಪು, ಖಣದ ಚೌಕಕ್ಕೆ ಸುತ್ತ ಬಿಳಿ ಧೋತರದ ಪಟ್ಟಿ ಕಾಣಿಸುತ್ತದೆ. ತೊಟ್ಟಿಲ ಕೂಸಿಗೆ ಹೊಲಿದ ಸಣ್ಣ ಕೌದಿಯಲ್ಲಂತೂ ಈ ಹೆಚ್ಚುವರಿ ಶ್ರಮ ಎದ್ದು ಕಾಣುತ್ತದೆ. ಕೂಸು ತಿಂಗಳೊಪ್ಪತ್ತಿನಲ್ಲಿ ಅದನ್ನು ಮೀರಿ ಬೆಳೆಯುತ್ತದೆಂದು ಹೊಲಿದವಳಿಗೆ ತಿಳಿಯದೆ? ಅಗತ್ಯವು ಕೇಳದ ಈ ಕೆಲಸವನ್ನು ಸುಖವೆಂದು ಕರೆಯದೆ ಬೇರೆ ಹೆಸರು ನನಗೆ ತೋರದು.

ಕೌದಿಯ ಕಾಲನಿರ್ಣಯ ಕಠಿಣ. ಅದು ಬಳಸಿ ಸವೆಯುವ ವಸ್ತು; ಹೊಳೆಯ ಕಲ್ಲಿನ ಮೇಲೆ ಒಗೆತ ತಿಂದು ಕೊನೆಗೆ ನೆಲವರಸೆಯಾಗುತ್ತದೆ. ಹಾಗಾಗಿ ಬಹಳ ಹಳೆಯ ಮಾದರಿಗಳು ಉಳಿದಿಲ್ಲ. ಆದರೂ ಒಂದು ಸೌಲಭ್ಯವಿದೆ. ಜೀರ್ಣವಾದ ಕೌದಿಯನ್ನೇ ಒಳಗಿಟ್ಟು ಮೇಲೆ ಹೊಸ ಪದರ ಹೊಲಿಯುವ ರೂಢಿಯಿಂದಾಗಿ ಒಂದೇ ಹೊದಿಕೆಯೊಳಗೆ ಎರಡು ಮೂರು ತಲೆಮಾರುಗಳ ಅರಿವೆ ಕೂಡಿರಬಹುದು. ಉತ್ಖನನದಲ್ಲಿ ಸ್ತರಗಳನ್ನು ಓದುವಂತೆಯೇ ಇದನ್ನೂ ಓದಬಹುದು. ಕೈನೇಯ್ಗೆಯ ಒರಟು ಹತ್ತಿ, 1850ರ ದಶಕದಲ್ಲಿ ಮುಂಬಯಿಯಲ್ಲಿಯೂ 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿಯೂ ತಲೆಯೆತ್ತಿದ ಗಿರಣಿಗಳ ನೂಲು ಮತ್ತು ಬಟ್ಟೆ, 1856ರಲ್ಲಿ ವಿಲಿಯಂ ಪರ್ಕಿನ್ ಕಂಡುಹಿಡಿದ ಕೃತಕ ಬಣ್ಣದ ತರುವಾಯ ಬಂದ ಗಾಢ ವರ್ಣಗಳು, ಕೊನೆಗೆ ಪಾಲಿಯೆಸ್ಟರ್. ಈ ಕೊನೆಯದು ಬೆವರು ಹೀರುವುದಿಲ್ಲ, ಪದರದಲ್ಲಿ ಜಾರುತ್ತದೆ, ಮುಪ್ಪಿನ ಬೆರಳಿನ ಹಿಡಿತಕ್ಕೆ ಸಿಕ್ಕದು. ಕೌದಿ ಹಿಂದೆ ಸರಿದುದಕ್ಕೆ ಅಗ್ಗದ ಗಿರಣಿ ಹೊದಿಕೆಯನ್ನಷ್ಟೇ ಹೊಣೆಯಾಗಿಸುತ್ತೇವೆ; ಹಳೆಯ ಅರಿವೆಯ ಗುಣವೇ ಬದಲಾದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಂಗಾಳದ ಕಾಂಥಾಕ್ಕೆ ಒದಗಿದ ಭಾಗ್ಯವನ್ನು ಇಲ್ಲಿ ಹೋಲಿಸಿ ನೋಡುವುದು ಉಚಿತ. ಐಸಿಎಸ್ ಅಧಿಕಾರಿಯಾಗಿದ್ದ ಗುರುಸದಯ ದತ್ತರು (1882–1941) ಹಳ್ಳಿಗಳಿಂದ ಕಾಂಥಾಗಳನ್ನು ಸಂಗ್ರಹಿಸಿದರು. ಅವು ಮುಂದೆ ಕೋಲ್ಕತ್ತದ ಹೊರವಲಯದಲ್ಲಿ ಅವರ ಹೆಸರಿನಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಸ್ಟೆಲ್ಲಾ ಕ್ರಾಮ್‌ರಿಶ್ 1939ರಲ್ಲಿಯೇ ಕಾಂಥಾ ಕುರಿತು ಪ್ರಬಂಧ ಪ್ರಕಟಿಸಿದರು. ಅವರ ಸಂಗ್ರಹ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯವನ್ನು ಸೇರಿದೆ. ದತ್ತರ ಸಂಗ್ರಹದಲ್ಲಿ ಮಾನದಾಸುಂದರಿ ಎಂಬಾಕೆ ತನ್ನ ತಂದೆಗಾಗಿ ಹೊಲಿದು ಹೆಸರನ್ನೂ ಹೊಲಿಗೆಯಲ್ಲಿಯೇ ಬರೆದಿಟ್ಟ ಕಾಂಥಾ ಪ್ರಸಿದ್ಧವಾದುದು. ಕಾಂಥಾದಲ್ಲಿ ಕಮಲ, ಆನೆ, ಸಿಪಾಯಿ, ಅಕ್ಷರಗಳಿವೆ. ಸಂಗ್ರಾಹಕನ ಕಣ್ಣು ಅವನ್ನು ಸುಲಭವಾಗಿ ಕಲೆಯೆಂದು ಗುರುತಿಸಿತು. ಕೌದಿಯಲ್ಲಿರುವುದು ಚೌಕ, ಪಟ್ಟಿ, ಸಾಲು ಮಾತ್ರ. ಚಿತ್ರವಿಲ್ಲದ್ದರಿಂದ ಅದು ಚಿಂದಿಯಾಗಿಯೇ ಕಂಡಿತು. ನಮ್ಮಲ್ಲಿ ದತ್ತರಂಥವರು ಇರಲಿಲ್ಲವೆಂದು ವ್ಯಥೆಪಡುವುದಕ್ಕಿಂತ, ನಾವು ಏನನ್ನು ನೋಡಲು ಕಲಿತಿದ್ದೆವು ಎಂದು ಕೇಳಿಕೊಳ್ಳುವುದು ಲೇಸು.

ಕರ್ನಾಟಕದಲ್ಲಿ ಈ ನೋಟ ಬದಲಾದುದು ಉತ್ತರ ಕನ್ನಡದ ಸಿದ್ದಿಯರ ಮೂಲಕ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರ ಸಂತತಿಯೂ ಇವರಲ್ಲಿದೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅಭ್ಯಸಿಸಿದರು. 2004ರಲ್ಲಿ ಹೊಲಿಗೆಗಾರ್ತಿಯರ ಸಹಕಾರಿ ಸಂಘಟನೆಯೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಯರು ಮೂವರಲ್ಲಿಯೂ ಈ ಕಲೆಯಿದೆ. ಕೆಲವರ ಹೊಲಿಗೆಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಮೂಡುತ್ತದೆ. ಮೂಲೆಯಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬಂದ ಮೇಲೆ ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ಗಳನ್ನು ಹೊಲಿಯುತ್ತಾರೆ. ಫೂಲವಿಲ್ಲದ ಕವಂದಿ ಬೆತ್ತಲೆಯೆಂಬುದು ಅವರ ಮಾತು. ಮೇಲೆ ಹೇಳಿದ ಪರೀಕ್ಷೆಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ: ಫೂಲವು ಹೊದೆದವನನ್ನು ಬೆಚ್ಚಗಿಡುವುದಿಲ್ಲ. ಈ ಕಲೆಯನ್ನು ನೇರ ಆಫ್ರಿಕಾದ ಬಳುವಳಿಯೆಂದು ಸಾರುವ ಆತುರ ಮಾತ್ರ ಸಲ್ಲದು. ಮಹಾರಾಷ್ಟ್ರದ ಗೋಧಡಿ, ಸಿಂಧ್ ಕಡೆಯ ರಲ್ಲಿ, ಬಯಲುಸೀಮೆಯ ಕೌದಿ ಇವೆಲ್ಲವೂ ಹೊಲಿಗೆಯಲ್ಲಿ ಅದರ ದಾಯಾದಿಗಳು.

ಮನೆಯ ಕೌದಿಯ ಜತೆಗೆ ಕೂಲಿಯ ಕೌದಿಯೂ ಇತ್ತೆಂಬುದನ್ನು ಮರೆಯಬಾರದು. ಊರೂರು ತಿರುಗಿ, ಮನೆಯವರು ಕೊಟ್ಟ ಅರಿವೆಯಿಂದ ಕಟ್ಟೆಯ ಮೇಲೆ ಕುಳಿತು ಹೊಲಿದುಕೊಟ್ಟು ಕಾಳು, ಹಣ ಪಡೆಯುತ್ತಿದ್ದ ಅಲೆಮಾರಿ ಹೆಂಗಸರ ಕೈಚಳಕ ಕಡಿಮೆಯದಲ್ಲ. ಆದರೆ ಅವರ ಹೊಲಿಗೆಗೆ ದಿನದ ಕಟ್ಟುಪಾಡಿತ್ತು; ಬೆರಳಗಲದ ಸಾಲು ಅವರಿಗೆ ಕಟ್ಟುತ್ತಿರಲಿಲ್ಲ. ಈಗ ಸ್ವಸಹಾಯ ಗುಂಪುಗಳ ಮೂಲಕ ಪೇಟೆಗೆ ಬರುವ ಕೌದಿಗೂ ಇದೇ ಕಟ್ಟು ಬಿದ್ದಿದೆ. ಅಳತೆ, ಬಣ್ಣ, ಗಡುವು ಕೊಳ್ಳುವವನದು. ಹೊಲಿಯುವವಳಿಗೆ ಆದಾಯವಿದೆ, ಅದು ಸಣ್ಣ ಲಾಭವೇನಲ್ಲ; ಆದರೆ ಯಾವ ತುಂಡು ಎಲ್ಲಿಗೆ ಎಂಬ ನಿರ್ಣಯ ಅವಳ ಕೈಯಿಂದ ಜಾರಿದೆ.

ನಗರಗಳಲ್ಲಿ ಇನ್ನೊಂದು ಬೆಳವಣಿಗೆ ಕಾಣುತ್ತಿದೆ. ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಮಹಿಳೆಯರು ಹವ್ಯಾಸವಾಗಿ ಕೌದಿಗೆ ಮರಳುತ್ತಿದ್ದಾರೆ. ಇವರಲ್ಲಿ ಕೆಲವರು ಅಂಗಡಿಯಿಂದ ಹೊಸ ಬಟ್ಟೆ ತಂದು, ಕತ್ತರಿಸಿ ತುಂಡು ಮಾಡಿ, ಮತ್ತೆ ಜೋಡಿಸುತ್ತಾರೆ; ಹಿಂದಿನ ಅಜ್ಜಿಯರು ಕಂಡಿದ್ದರೆ ನಕ್ಕಾರು. ಆದರೂ ನಿರ್ಣಯವೆಲ್ಲ ಹೊಲಿಯುವವಳದೇ, ಗಡುವಿಲ್ಲ, ಕೇಳುವವರಿಲ್ಲ ಎಂಬಷ್ಟರ ಮಟ್ಟಿಗೆ ಇದು ಪಡಸಾಲೆಯ ಪರಂಪರೆಗೆ ಕೂಲಿಯ ಕೌದಿಗಿಂತ ಸಮೀಪವಾದುದು. ಒಂದು ವ್ಯತ್ಯಾಸ ಚರಿತ್ರಕಾರನಿಗೆ ಮುಖ್ಯ. ಇವರು ಅಕ್ಷರಸ್ಥರು, ತಮ್ಮ ಕೌದಿಯ ಮೂಲೆಯಲ್ಲಿ ಹೆಸರನ್ನೂ ಇಸವಿಯನ್ನೂ ಹೊಲಿಯಬಲ್ಲರು. ಹಳ್ಳಿಯ ಮನೆಗಳಲ್ಲಿ ಅಟ್ಟದ ಮೇಲೆ ಉಳಿದಿರುವ ಕೌದಿಗಳಿಗೆ ಆ ಗುರುತಿಲ್ಲ. ಯಾವ ತುಂಡು ಯಾರ ಮದುವೆಯ ಸೀರೆಯದು, ಯಾವುದು ಯಾರ ಕುಬಸದ್ದು ಎಂದು ಬೆರಳಿಟ್ಟು ಹೇಳಬಲ್ಲ ಮುದುಕಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಕೌದಿಯ ಛಾಯಾಚಿತ್ರ ತೆಗೆಯುವ ಮೊದಲು ಅವರ ಮಾತನ್ನು ದಾಖಲಿಸಬೇಕು; ಚಿತ್ರವನ್ನು ಆಮೇಲೆಯೂ ತೆಗೆಯಬಹುದು.