ಗಂಜಿ ತೊಟ್ಟಿಯ ಮಣಿಯಗಾರ

ಉತ್ತರ ಚೆನ್ನೈನ ಹಳಬರ ಬಾಯಲ್ಲಿ ಸ್ಟಾನ್ಲಿ ಆಸ್ಪತ್ರೆಗೆ ಇನ್ನೊಂದು ಹೆಸರಿದೆ: ‘ಕಂಜಿ ತೊಟ್ಟಿ ಆಸ್ಪತ್ರೆ’. ಕಂಜಿ ಎಂದರೆ ಗಂಜಿ. ತೊಟ್ಟಿ ಕನ್ನಡದಲ್ಲೂ ತೊಟ್ಟಿಯೇ. ಆಸ್ಪತ್ರೆಗೂ ಗಂಜಿಗೂ ಏನು ಸಂಬಂಧ ಎಂದು ಕೇಳುತ್ತ ಹೋದರೆ ಅದರ ಸಮೀಪದಲ್ಲೇ ಇರುವ, ಅದಕ್ಕಿಂತ ಹಳೆಯದಾದ ಒಂದು ಸಂಸ್ಥೆ ಸಿಗುತ್ತದೆ. ಅದೇ ಮೋನೆಗಾರ್ ಛತ್ರ. ಹಿಂದೆ ಮುಂದೆ ಯಾರೂ ಇಲ್ಲದ ಮುದುಕ ಮುದುಕಿಯರಿಗೆ ಊಟ, ಆಸರೆ ಕೊಡುವ ಮನೆ.

ಮೋನೆಗಾರ್ ಎಂದರೆ ಯಾರೋ ಇಂಗ್ಲಿಷ್ ದೊರೆ ಇರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ‘ಮಣಿಯಕ್ಕಾರರ್’ ಎಂಬ ತಮಿಳು ಪದ ಇಂಗ್ಲಿಷರ ನಾಲಿಗೆಯಲ್ಲಿ ತಿರುಚಿಕೊಂಡ ಬಗೆ. ಮಣಿಯ ಎಂದರೆ ಮೇಲ್ವಿಚಾರಣೆ, ಅದನ್ನು ನಡೆಸುವವನು ಊರಿನ ಮುಖ್ಯಸ್ಥ. ಕನ್ನಡದ ಮಣಿಯಗಾರ, ಮಣೆಗಾರ ಇದರ ಬಳಗದವರೇ. ಬರಗಾಲದಲ್ಲಿ ಅಂಥ ಒಬ್ಬ ಊರ ಹಿರಿಯ ಹಸಿದು ಬಂದವರಿಗೆ ತೊಟ್ಟಿ ಇಟ್ಟು ಗಂಜಿ ಹೊಯ್ಯಿಸಿದ ಎಂಬುದು ವಾಡಿಕೆಯ ಕತೆ. ಮನೆಗೆ ಉಳಿದದ್ದು ಅವನ ಹುದ್ದೆಯ ಹೆಸರು. ಇಂಗ್ಲಿಷಿನ ‘ಚೌಲ್ಟ್ರಿ’ ಕೂಡ ಚಾವಡಿಯಿಂದಲೇ ಹೋದದ್ದು. ಕಂಜಿಯೂ ಹಾಗೆಯೇ ‘ಕಾಂಜಿ’ಯಾಗಿ ಇಂಗ್ಲಿಷ್ ನಿಘಂಟು ಸೇರಿತು.

ಆ ಬರಕ್ಕೂ ಕನ್ನಡನಾಡಿಗೂ ನಂಟಿದೆ, ಹೇಳಿಕೊಳ್ಳಲು ಅಷ್ಟು ಹಿತವಲ್ಲದ ನಂಟು. 1780ರ ಜುಲೈನಲ್ಲಿ ಹೈದರಾಲಿಯ ಸೈನ್ಯ ಮೈಸೂರಿನಿಂದ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ನುಗ್ಗಿತು. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಈ ಗೆಲುವನ್ನು ಶಾಲಾ ಪ್ರವಾಸಕ್ಕೆ ಹೋದ ಮಕ್ಕಳೆಲ್ಲ ನೋಡಿದ್ದಾರೆ: ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಹೊತ್ತಿ ಉರಿಯುವ ಮದ್ದಿನ ಬಂಡಿ. ಆ ಚಿತ್ರದಲ್ಲಿ ರೈತರಿಲ್ಲ. ಶತ್ರುವಿಗೆ ಕಾಳು, ಹುಲ್ಲು ಸಿಗಬಾರದೆಂದು ಮದರಾಸಿನ ಸುತ್ತಲ ಊರುಗಳನ್ನು ಸುಟ್ಟು ಬರಿದು ಮಾಡಿದ್ದು, ಅಲ್ಲಿನ ಜನ ಗುಳೆ ಹೊರಟು ಕೋಟೆಯ ಊರಿಗೆ ಬಂದು ಬಿದ್ದದ್ದು ಗೋಡೆಯ ಆಚೆಯ ಕತೆ. ಭೂಮಿಯ ದಾರಿ ಯುದ್ಧದಿಂದ ಮುಚ್ಚಿತ್ತು. ಕಡಲ ದಾರಿಗೆ ಫ್ರೆಂಚ್ ನೌಕಾಪಡೆಯ ಭಯ. 1782ರ ಅಕ್ಟೋಬರಿನ ಬಿರುಗಾಳಿಗೆ ಅಕ್ಕಿ ತಂದಿದ್ದ ಹಡಗುಗಳೂ ಒಡೆದುಹೋದವು. ಬೀದಿಯಲ್ಲಿ ಹೆಣ ಬೀಳುವ ಕಾಲ. ಆ ವರ್ಷವನ್ನೇ ಛತ್ರದ ಹುಟ್ಟಿನ ವರ್ಷವೆಂದು ಎಣಿಸುತ್ತಾರೆ.

ಯುದ್ಧ ಮುಗಿಯಿತು, ಮಳೆ ಬಂತು, ಗಟ್ಟಿಮುಟ್ಟಾದವರು ಊರಿಗೆ ಮರಳಿದರು. ಗಂಜಿಕೇಂದ್ರಕ್ಕೆ ಬೀಗ ಹಾಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಆದರೆ ಮರಳಲಾಗದವರು ಉಳಿದರು: ಮುದುಕರು, ಕುರುಡರು, ಕಾಯಿಲೆಯವರು. ಅವರಿಂದಾಗಿಯೇ ಮನೆಯೂ ಉಳಿಯಿತು. 1799ರಲ್ಲಿ ಜಾನ್ ಅಂಡರ್‌ವುಡ್ ಎಂಬ ವೈದ್ಯ ಸ್ಥಳೀಯರಿಗಾಗಿ ತೆರೆದ ಚಿಕ್ಕ ಆಸ್ಪತ್ರೆ ಮುಂದೆ ಛತ್ರದ ಜತೆ ಸೇರಿಕೊಂಡಿತು. ಅಲ್ಲಿಂದ ಆಸ್ಪತ್ರೆ ಬೆಳೆದ ಪರಿ ಎಲ್ಲರಿಗೂ ಗೊತ್ತು. ಸರ್ಕಾರದ ಕೈಸೇರಿತು, ಗವರ್ನರ್ ಜಾರ್ಜ್ ಫ್ರೆಡರಿಕ್ ಸ್ಟಾನ್ಲಿಯ ಹೆಸರು ಹೊತ್ತಿತು, 1938ರಲ್ಲಿ ವೈದ್ಯಕೀಯ ಕಾಲೇಜೂ ಆಯಿತು. ತಾಯಿಮನೆಯಾದ ಛತ್ರ ಮಾತ್ರ ಹಳೆಯ ಹೆಸರಿನಲ್ಲೇ ಉಳಿಯಿತು. ರೋಗಿ ಗುಣವಾಗಿ ಹೊರಡುತ್ತಾನೆ, ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ತೋರಿಸಲು ಏನಾದರೂ ಇರುತ್ತದೆ. ಮುಪ್ಪಿಗೆ ಅಂಥ ಲೆಕ್ಕವಿಲ್ಲ.

ಇಂಥ ಮನೆಗಳು ಸಾಮಾನ್ಯವಾಗಿ ಒಂದು ಆದೇಶದಿಂದ ಮುಚ್ಚುವುದಿಲ್ಲ. ದತ್ತಿಯ ಹಣ ಬಡ್ಡಿಗೆ ಕೂತಿರುತ್ತದೆ, ಬಡ್ಡಿ ಅಕ್ಕಿಯ ಬೆಲೆಗೆ ಸಾಲದಾಗುತ್ತದೆ. ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲುತ್ತದೆ. ಸೋರುವ ಹೆಂಚು, ಬಿರುಕು ಬಿಟ್ಟ ಗೋಡೆ. ಊರು ಬೆಳೆದು ನಿವೇಶನದ ಬೆಲೆ ಏರಿದಾಗ, ಒಳಗಿರುವವರು ಕೆಲವೇ ಜನರಲ್ಲವೇ, ಬೇರೆಲ್ಲಾದರೂ ಇಡೋಣ ಎಂಬ ಮಾತು ಏಳುತ್ತದೆ. ಕೇಳಲು ದಯೆಯ ಮಾತೇ.

ಈ ಭಯ ಹೊಸದಲ್ಲ. 1799ರಲ್ಲಿ ತಂಜಾವೂರಿನ ಆಡಳಿತ ಕಂಪನಿಗೆ ಬಿಟ್ಟುಕೊಡಬೇಕಾದಾಗ ಎರಡನೇ ಸರ್ಫೋಜಿ ರಾಜನಿಗೆ ಚಿಂತೆಯಾದದ್ದು ರಾಮೇಶ್ವರದ ಹಾದಿಯ ಛತ್ರಗಳದ್ದು. 1801ರಲ್ಲಿ ಅವನು ರೆಸಿಡೆಂಟ್ ಬೆಂಜಮಿನ್ ಟೋರಿನ್‌ಗೆ ಪತ್ರ ಬರೆದು, ಅಲ್ಲಿ ಬಂದವರಿಗೆಲ್ಲ ಅನ್ನವಿದೆ, ರೋಗಿಗಳಿಗೆ ವೈದ್ಯರಿದ್ದಾರೆ, ಇವನ್ನು ಕುಗ್ಗಿಸಬೇಡಿ ಎಂದು ಕೇಳಿಕೊಂಡ. ರಾಜ್ಯ ಕೈಬಿಟ್ಟವನ ಈ ಕೋರಿಕೆ ಆ ಕಾಲದ ಎಷ್ಟೋ ಒಪ್ಪಂದಗಳಿಗಿಂತ ಓದಲು ಯೋಗ್ಯವಾದದ್ದು. ಮದರಾಸ್ ಸರ್ಕಾರ 1817ರ 7ನೇ ರೆಗ್ಯುಲೇಷನ್ ಮೂಲಕ ದೇವಸ್ಥಾನ, ಮಸೀದಿಗಳ ದತ್ತಿಯ ಜತೆಗೆ ಸೇತುವೆ, ಛತ್ರಗಳ ದತ್ತಿಯನ್ನೂ ಕಂದಾಯ ಮಂಡಳಿಯ ಮೇಲ್ವಿಚಾರಣೆಗೆ ತಂದಿತು. ಕೊಟ್ಟವರ ಉದ್ದೇಶಕ್ಕೇ ಹಣ ಸಲ್ಲಬೇಕು ಎಂಬುದು ಅದರ ತಿರುಳು. ಮಣಿಯಗಾರನ ಕೆಲಸಕ್ಕೆ ಕೊನೆಗೆ ಕಂಪನಿಯೇ ನಿಂತಂತಾಯಿತು.

ಇವತ್ತಿನ ಕಾನೂನು ಏನು ಹೇಳುತ್ತದೆ? 2007ರ ಹಿರಿಯ ನಾಗರಿಕರ ಕಾಯ್ದೆ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಒಂದು ಆಶ್ರಮದ ಮಾತಾಡುತ್ತದೆ, ಆದರೆ ರಾಜ್ಯ ಸರ್ಕಾರ ಅದನ್ನು ‘ಸ್ಥಾಪಿಸಬಹುದು’ ಎನ್ನುತ್ತದೆ, ‘ಸ್ಥಾಪಿಸಬೇಕು’ ಎನ್ನುವುದಿಲ್ಲ. ಕ್ರಿಯಾಪದದ ಒಂದು ಪ್ರತ್ಯಯದಲ್ಲಿ ಎಷ್ಟೋ ಜನರ ಹಾಸಿಗೆ ಸಿಕ್ಕಿಕೊಂಡಿದೆ. ಇರುವ ಮನೆಯನ್ನು ಉಳಿಸಿಕೊಳ್ಳಲು ಇದಕ್ಕಿಂತ ಹಳೆಯದೂ ಗಟ್ಟಿಯೂ ಆದ ಹಿಡಿತ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು. ಸಾರ್ವಜನಿಕ ದತ್ತಿ ಹಾದಿ ತಪ್ಪಿದರೆ ಅದರಲ್ಲಿ ಹಿತಾಸಕ್ತಿ ಇರುವವರು ದಾವೆ ಹೂಡಬಹುದು. ಮೂಲ ಉದ್ದೇಶ ಬದಲಿಸಬೇಕಾದರೆ ಯಾವ ಸಂದರ್ಭದಲ್ಲಿ ಎಂಬುದನ್ನೂ ಅದು ಹೇಳುತ್ತದೆ. 1976ರ ತಿದ್ದುಪಡಿಯವರೆಗೆ ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಕಿತ್ತು, ಈಗ ಅದರ ಬದಲು ನ್ಯಾಯಾಲಯದ ಅನುಮತಿ ಬೇಕು. ಹೂಡುವವರು ಶ್ರೀಮಂತರಾಗಿರಬೇಕಿಲ್ಲ, ಹೆಸರಾದವರಾಗಿರಬೇಕಿಲ್ಲ, ಇಬ್ಬರಿದ್ದರೆ ಸಾಕು. ಆ ಮನೆಯೊಳಗೇ ಊಟ ಮಾಡಿ ಮಲಗುವ ಇಬ್ಬರು ಅಜ್ಜಿಯರಿಗಿಂತ ಹೆಚ್ಚಿನ ಹಿತಾಸಕ್ತಿ ಇನ್ನಾರಿಗಿರಲು ಸಾಧ್ಯ?