ಮುತ್ಯಾನ ಮುಂದ ಓದಿದ ಪೇಪರ್

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮದು ಕಮಲಾಪುರದ ಹತ್ತಿರದ ಹಳ್ಳಿ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ರಸ್ತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವರು ಕಂಡರೆ ಕಮಲಾಪುರ ಬಂತು ಅಂತ ಲೆಕ್ಕ. ಅಣ್ಣನ ಮಗಳು ಮೂರನೇ ಕ್ಲಾಸು. ಕನ್ನಡ ಪುಸ್ತಕ ತಗೊಂಡು ಬಾ, ಓದು ನೋಡೋಣ ಅಂದೆ. ಬೆರಳಿಟ್ಟು ಶುರು ಮಾಡಿದಳು. "ರೈ... ತ... ನು... ಹೊ... ಲ... ಕ್ಕೆ..." ಒಂದು ಸಾಲು ಮುಗಿಯೋಕೆ ಅರ್ಧ ನಿಮಿಷ. ಒಂದು ಅಕ್ಷರವೂ ತಪ್ಪಲಿಲ್ಲ.

"ಏನ್ ಓದಿದಿ, ಹೇಳು?"

"ಓದೀನಲ್ಲ ಕಾಕಾ, ಮತ್ತೇನ್ ಹೇಳ್ಬೇಕು?"

ನನಗೆ ನಗು ಬಂತು, ಆಮೇಲೆ ಸಂಕಟ ಆಯ್ತು. ಹುಡುಗಿ ದಡ್ಡಿ ಅಲ್ಲ. ಆ ಸಾಲಿನ ಕೊನೆಗೆ ಬರೋ ಹೊತ್ತಿಗೆ ಸಾಲಿನ ಮೊದಲು ಏನಿತ್ತು ಅನ್ನೋದು ಅವಳ ತಲೆಯಿಂದ ಜಾರಿ ಹೋಗಿತ್ತು, ಅಷ್ಟೇ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಇದ್ದ ರ‍್ಯಾಮ್ ಪೂರ್ತಿ ಅಕ್ಷರ ಗುರುತಿಸೋದಕ್ಕೇ ಖರ್ಚಾಗಿತ್ತು. ಅರ್ಥಕ್ಕೆ ಜಾಗವೇ ಉಳಿದಿರಲಿಲ್ಲ. 1974ರಲ್ಲಿ ಅಮೆರಿಕದ ಲಾಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ ಎಂಬ ಇಬ್ಬರು ಹೇಳಿದ್ದೂ ಇದನ್ನೇ: ಅಕ್ಷರ ಗುರುತಿಸೋದು ಸೈಕಲ್ ಹೊಡೆದಷ್ಟು ತಾನಾಗಿ ಆಗುವ ತನಕ ಗಮನ ಅರ್ಥದ ಕಡೆ ಹೋಗೋದಿಲ್ಲ. ತಪ್ಪಿಲ್ಲದೆ, ತಡವರಿಸದೆ, ಮಾತಾಡಿದ ಹಾಗೆ ಏರಿಳಿತದಿಂದ ಓದೋದನ್ನ ಸರಾಗ ಓದು ಅಂತಾರೆ. ಅಕ್ಷರದಿಂದ ಅರ್ಥಕ್ಕೆ ದಾಟಿಸುವ ಸೇತುವೆ ಅದು. ನಮ್ಮ ಹುಡುಗಿ ಆ ಸೇತುವೆಯ ಈಚೆ ದಡದಲ್ಲಿ ನಿಂತಿದ್ದಳು.

ಈ ಸಮಸ್ಯೆ ಹೊಸದು ಅಂತ ನಾನೂ ಅಂದುಕೊಂಡಿದ್ದೆ. ಮೊಬೈಲು, ಕೋವಿಡ್ ಅಂತ ಬೈಯೋಕೆ ಕಾರಣಗಳೂ ಸಿಗ್ತವೆ. ಆದರೆ ನಮ್ಮ ಭಾಗದಲ್ಲಿ ಇದು 200 ವರ್ಷ ಹಳೆಯ ಕಥೆ. ಇವತ್ತು ಕಲ್ಯಾಣ ಕರ್ನಾಟಕದಲ್ಲಿರುವ ಬಳ್ಳಾರಿಯನ್ನು ನಿಜಾಮರು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ವರದಿ ಕಳಿಸಿದ. 533 ಶಾಲೆ, 6,641 ಮಕ್ಕಳು. ಮಕ್ಕಳು ಮರಳಲ್ಲಿ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ಇಷ್ಟು ಕಡಿಮೆ ಖರ್ಚಿನಲ್ಲಿ ಕಲಿಸುವ ಈ ಪದ್ಧತಿಯನ್ನ ಅವನು ಬಾಯ್ತುಂಬ ಹೊಗಳಿದ. ಹುಡುಗರೇ ಹುಡುಗರಿಗೆ ಕಲಿಸುವ ಕ್ರಮವನ್ನ ಅದಕ್ಕೂ ಮೊದಲೇ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನಿಂದ ಇಂಗ್ಲೆಂಡಿಗೆ ಒಯ್ದಿದ್ದ. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಅಂತಲೇ ಹೆಸರು.

ಆದರೆ ಕ್ಯಾಂಪ್‌ಬೆಲ್ಲನ ದೂರು ಏನಿತ್ತು ಗೊತ್ತಾ? ಮಕ್ಕಳು ಓದೋದೆಲ್ಲ ಪದ್ಯ. ಅದರ ಭಾಷೆ ಆಡುಮಾತಿಗಿಂತ ಬೇರೆ. ಲಿಪಿ ಒಂದೇ ಆದ್ದರಿಂದ ಉಚ್ಚರಿಸೋಕೆ ಬರ್ತದೆ, ಅರ್ಥ ಮಾತ್ರ ಆಗೋದಿಲ್ಲ. ಎಷ್ಟೋ ಸಲ ಮಾಸ್ತರರಿಗೂ ಆಗೋದಿಲ್ಲ. ಗಿಳಿಪಾಠ ಅಂತ ನಾವು ಅನ್ನೋದನ್ನೇ ಆತ ಅವತ್ತು ಬರೆದ. ಪುಸ್ತಕದಲ್ಲಿ "ಹೋಗಿದ್ದಾನೆ" ಅಂತ ಇರ್ತದೆ, ನಮ್ಮ ಮನೆಯಲ್ಲಿ "ಹೋಗ್ಯಾನ" ಅಂತೀವಿ. ಬೆಂಗಳೂರಿನ ಓದುಗರಿಗೆ ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಆರು ವರ್ಷದ ಮಗು ಅಕ್ಷರದ ಜೊತೆಗೆ ಇನ್ನೊಂದು ಕನ್ನಡವನ್ನೂ ಕಲೀಬೇಕು.

ಕಲಬುರಗಿಗೆ ಬಂದರೆ ಕಥೆ ಇನ್ನೂ ಬಿಗಿ. ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿ, ಕೋರ್ಟು, ಮೇಲಿನ ತರಗತಿಗಳು ಎಲ್ಲ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲೇ. ದೇಶಭಾಷೆಯೊಂದರಲ್ಲಿ ವಿಜ್ಞಾನ, ಕಾನೂನು ಕಲಿಸಿದ ದೊಡ್ಡ ಪ್ರಯೋಗ ಅದು. ಆದರೆ ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ಮಕ್ಕಳಿಗೆ ಅದು ಸ್ವಂತ ಭಾಷೆ ಆಗಿರಲಿಲ್ಲ. 1907ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯ, ನಿಜಾಮರ ಕಾಲದಲ್ಲೇ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗೆ ತೆಗೆದ ಶಾಲೆ, ಇಂಥವು ಬೆರಳೆಣಿಕೆಯಷ್ಟು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 18ರಷ್ಟಿದ್ದರೆ, ಹೈದರಾಬಾದ್ ರಾಜ್ಯದ್ದು ಅದರ ಅರ್ಧದ ಆಸುಪಾಸು.

ನಮ್ಮ ಮುತ್ಯಾ ಆ ಕಾಲದ ಕೂಸು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದಾಗ ಅವನಿಗೆ ಹದಿನಾರು ಇರಬಹುದು. ಕಲಬುರಗಿಯಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಉರ್ದು ಸಾಲಿಗೆ ಹೋಗಿದ್ದ. ಹೊಲದ ಲೆಕ್ಕ ಎಲ್ಲ ಉರ್ದುವಿನಲ್ಲೇ, ಬಲದಿಂದ ಎಡಕ್ಕೆ ಬರೆದು ಇಡ್ತಿದ್ದ. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿ ಕಾಗದ ಕನ್ನಡಕ್ಕೆ ತಿರುಗಿತು. ಓದು ಬಲ್ಲವನು ಅಂತ ಊರಲ್ಲಿ ಹೆಸರಿದ್ದ ಮುತ್ಯಾ ತನ್ನ ಮಾತೃಭಾಷೆಯಲ್ಲೇ ಓದಲಾರದವನಾದ. ಇಂಥವರು ನಮ್ಮ ಕಡೆ ಒಬ್ಬಿಬ್ಬರಲ್ಲ. ಓದೋಕೆ ಮನೆಯ ದೊಡ್ಡವರನ್ನ ನೋಡಿ ಕಲೀಬೇಕು ಅಂತಾರೆ. ನಮ್ಮ ಮನೆಗಳಲ್ಲಿ ಕನ್ನಡ ಓದುವ ದೊಡ್ಡವರೇ ಒಂದು ತಲೆಮಾರು ತಡವಾಗಿ ಬಂದರು. 2011ರ ಜನಗಣತಿಯಲ್ಲೂ ಜಿಲ್ಲೆಯ ಸಾಕ್ಷರತೆ ಶೇ. 65ರ ಹತ್ತಿರ, ರಾಜ್ಯದ್ದು ಶೇ. 75.

ಇನ್ನು ನಮ್ಮ ಲಿಪಿ. ವರ್ಣಮಾಲೆ 49 ಅಕ್ಷರ ಅಂತ ಸುಲಭವಾಗಿ ಹೇಳಿಬಿಡ್ತೀವಿ. ಕಾಗುಣಿತ ಸೇರಿಸಿದರೆ ರೂಪಗಳು 400 ದಾಟ್ತವೆ, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಮೇಲೆ ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲೇ ತೋರಿಸಿದ್ದಾರೆ: ಈ ಅಕ್ಷರಗಳನ್ನೆಲ್ಲ ಕೈವಶ ಮಾಡಿಕೊಳ್ಳೋದು ಒಂದನೇ ಕ್ಲಾಸಿನಲ್ಲಿ ಮುಗಿಯೋ ಕೆಲಸ ಅಲ್ಲ, ನಾಲ್ಕನೇ ಕ್ಲಾಸಿನ ತನಕ ಎಳೀತದೆ.

ಇದಕ್ಕೆ ಕರ್ನಾಟಕ ಒಂದು ಒಳ್ಳೆ ಉತ್ತರ ಹುಡುಕಿತ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನ ಸರ್ಕಾರಿ ಶಾಲೆ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿ ಶಾಲೆಯ ಕ್ರಮವನ್ನ ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರು ಮಾಡಿದರು. ಅಲ್ಲಿ ಅ, ಆ, ಇ, ಈ ಇಂದ ಆರಂಭ ಇಲ್ಲ. ರ, ಗ, ಸ, ದ, ಅ ಮೊದಲು. ಬರೆಯೋಕೆ ಸುಲಭ, ಜೊತೆಗೆ ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಅಂತ ನಿಜವಾದ ಪದಗಳು ಹುಟ್ಟುತ್ತವೆ. ಮೊದಲ ವಾರಗಳಲ್ಲೇ ಮಗು "ಓದಿದೆ" ಅನ್ನಬಹುದು. ಮಕ್ಕಳು ಗುಂಪಿನಲ್ಲಿ ಕೂತು ಒಬ್ಬರಿಂದೊಬ್ಬರು ಕಲಿಯೋದು ನೋಡಿದರೆ ಬಳ್ಳಾರಿಯ ಹಳೆ ಶಾಲೆಯೇ ನೆನಪಾಗ್ತದೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಆದರೂ ಅರ್ಧ ದಾರಿ ಉಳೀತು. 2011ರಿಂದ ಕೆಲವು ವರ್ಷ ಶೈಲಜಾ ಮೆನನ್ ಮತ್ತು ಸಂಗಡಿಗರು, ಆಗಷ್ಟೇ ಕಲಬುರಗಿಯಿಂದ ಬೇರೆಯಾಗಿದ್ದ ಯಾದಗಿರಿ ಜಿಲ್ಲೆಯ ಮಕ್ಕಳನ್ನ ಒಂದರಿಂದ ಮೂರನೇ ಕ್ಲಾಸಿನವರೆಗೆ ಹಿಂಬಾಲಿಸಿದರು. ಮೂರನೇ ಕ್ಲಾಸಿಗೆ ಬಂದರೂ ಎಷ್ಟೋ ಮಕ್ಕಳಿಗೆ ಓದು ಕೈಗೆ ಹತ್ತಿರಲಿಲ್ಲ. ಅಕ್ಷರದ ಹಿಂದೆ ಅಷ್ಟು ಹೊತ್ತು ಹೋಗ್ತಿತ್ತು, ಕಥೆ, ಮಾತು, ಅರ್ಥಕ್ಕೆ ಸಿಗ್ತಿದ್ದದ್ದು ಕಡಿಮೆ.

ಈಗ 2021ರಿಂದ ನಿಪುಣ್ ಭಾರತ್ ಇದೆ. ಮೂರನೇ ಕ್ಲಾಸು ಮುಗಿಯೋ ಹೊತ್ತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ಮಾಡಿಕೊಂಡು ಓದಬೇಕು ಅಂತ ಗುರಿ. ಅಳತೆ ಇರೋದು ಒಳ್ಳೆಯದೇ. ಆದರೆ "ಹೋಗಿದ್ದವರಿಂದ" ಅನ್ನೋದು ನಮಗೆ ಒಂದು ಪದ. ಇಂಗ್ಲಿಷಿನಲ್ಲಿ ಅದೇ "ಫ್ರಮ್ ದೋಸ್ ಹೂ ಹ್ಯಾಡ್ ಗಾನ್", ಐದು ಪದ. ಮೆಟ್ರಿಕ್ ಇಟ್ಟ ಕೂಡಲೇ ಟೀಮು ಮೆಟ್ರಿಕ್ಕಿಗಾಗಿಯೇ ಕೆಲಸ ಮಾಡ್ತದೆ ಅನ್ನೋದು ನಮ್ಮ ಕಸುಬಿನವರಿಗೆ ಗೊತ್ತೇ ಇದೆ. ಗಡಿಯಾರ ಹಿಡಿದು ಓಡಿಸಿದರೆ ಕ್ಯಾಂಪ್‌ಬೆಲ್ಲನ ಗಿಳಿಗಳೇ ಮತ್ತೆ ಸಿಗ್ತವೆ, ಸ್ವಲ್ಪ ಜೋರಾಗಿ ಓದುವ ಗಿಳಿಗಳು.

ಹಾಗಾದ್ರೆ ಸೇತುವೆ ಕಟ್ಟೋದು ಹೇಗೆ? ಅದೇ ಸ್ಯಾಮ್ಯುಯೆಲ್ಸ್ 1979ರಲ್ಲಿ ಒಂದು ಸರಳ ವಿಧಾನ ಬರೆದ: ಚಿಕ್ಕ ಪಾಠವನ್ನ ಸರಾಗ ಆಗುವ ತನಕ ಮತ್ತೆ ಮತ್ತೆ ಗಟ್ಟಿಯಾಗಿ ಓದಿಸೋದು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಸಮಿತಿಯೊಂದು ನೂರಾರು ಅಧ್ಯಯನ ಜರಡಿ ಹಿಡಿದು, ಯಾರಾದರೂ ಕೇಳಿ ತಿದ್ದುವಾಗ ಗಟ್ಟಿಯಾಗಿ ಓದೋದು ಫಲ ಕೊಡ್ತದೆ ಅಂತ ಒಪ್ಪಿತು.

ಅದನ್ನ ಓದಿದಾಗ ನನಗೆ ಮುತ್ಯಾ ನೆನಪಾದ. ತೊಂಬತ್ತರ ದಶಕ, ಸಂಜೆ ಬಸ್ಸಿಗೆ ಕಲಬುರಗಿಯಿಂದ ಕನ್ನಡ ಪೇಪರ್ ಬರ್ತಿತ್ತು. ಮುತ್ಯಾ ಕಟ್ಟೆ ಮೇಲೆ ಕೂತು ಕರೀತಿದ್ದ: "ಓದಿ ಹೇಳಪ್ಪಾ, ನಂಗ ಕನ್ನಡ ಓದ್ಲಿಕ್ ಬರಲ್ಲ." ನಾನು ತಡವರಿಸಿದರೆ ಬೈತಿರಲಿಲ್ಲ. "ತಿಳೀಲಿಲ್ಲ, ಮತ್ತೊಮ್ಮಿ ಓದು" ಅಂತಿದ್ದ, ಅಷ್ಟೇ. ಅವನಿಗೆ ತಿಳಿಸಬೇಕು ಅಂದ್ರೆ ನನಗೆ ತಿಳೀಬೇಕಿತ್ತು. ಮಳೆ ಸುದ್ದಿ, ತೊಗರಿ ಧಾರಣೆ ಮೂರು ಸಲ ಓದಿ ಓದಿ ನನ್ನ ನಾಲಿಗೆ ತಿರುಗಿತು. ನಿಜಾಮರ ಕಾಲ ಅವನಿಂದ ಕಸಿದದ್ದನ್ನೇ ಅವನು ನನ್ನಿಂದ ಕೇಳಿ ಪಡೀತಿದ್ದ. ಆ ಕಟ್ಟೆಯೇ ನನ್ನನ್ನ ಬಿ.ಇ. ತನಕ ತಂತು ಅಂದ್ರೂ ತಪ್ಪಿಲ್ಲ.

371(ಜೆ) ಬಂದ ಮೇಲೆ ನಮ್ಮ ಭಾಗಕ್ಕೆ ಸೀಟು, ನೌಕರಿಯಲ್ಲಿ ಪಾಲು ಸಿಕ್ಕಿದೆ. ಆದರೆ ಮೂರನೇ ಕ್ಲಾಸಿನಲ್ಲಿ ಸಾಲಿನ ಅರ್ಥ ಜಾರಿಹೋದ ಮಗು ಆ ಸೀಟಿನ ತನಕ ಬರೋದು ಹೇಗೆ?

ಈಗ ದಿನಾ ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್. ಹತ್ತು ನಿಮಿಷ, ಒಂದೇ ಪುಟ. ಹುಡುಗಿ ಓದ್ತಾಳೆ, ನಾನು ಕೇಳ್ತೀನಿ. ತಪ್ಪಾದರೆ ಕಾಯ್ತೀನಿ. ಮುಗಿದ ಮೇಲೆ ಪುಸ್ತಕ ಮುಚ್ಚಿ ನಮ್ಮ ಮಾತಿನಲ್ಲೇ ಕಥೆ ಹೇಳಬೇಕು. ಮೊನ್ನೆ ನಾನು ಲ್ಯಾಪ್‌ಟಾಪ್ ಕಡೆ ನೋಡ್ತಿದ್ದೆ. ಓದು ನಿಲ್ಲಿಸಿ ಕೇಳಿದಳು: "ಕಾಕಾ, ಕೇಳ್ಲತ್ತೀಯೋ ಇಲ್ಲೋ?"

ಲ್ಯಾಪ್‌ಟಾಪ್ ಮುಚ್ಚಿದೆ. "ತಿಳೀಲಿಲ್ಲವ್ವಾ, ಮತ್ತೊಮ್ಮಿ ಓದು" ಅಂದೆ.