ಟೋಕಿಯೋದಲ್ಲಿ ಮಾಯವಾದ ಬಿಟ್‌ಕಾಯಿನ್: ಎಕ್ಸ್‌ಚೇಂಜ್‌ನಲ್ಲಿಟ್ಟ ಕಾಯಿನ್ ನಿಜವಾಗಲೂ ನಿಮ್ಮದಾ?

ಈ ಸಂಚಿಕೆಯಲ್ಲಿ ಒಂದು ಕಳ್ಳತನದ ಇತಿಹಾಸ ನೋಡೋಣ. ಕಳ್ಳ ಬಂದಿದ್ದು ಯಾರಿಗೂ ಕಾಣಲಿಲ್ಲ, ಬಾಗಿಲು ಮುರೀಲಿಲ್ಲ, ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯವರಿಗೇ ಗೊತ್ತಾಗಲಿಲ್ಲ. ಆ ಕಳ್ಳತನದ ಲೆಕ್ಕ ಇವತ್ತಿಗೂ ಪೂರ್ತಿ ಚುಕ್ತಾ ಆಗಿಲ್ಲ.

ಕಥೆ ಶುರುವಾಗೋದು ಒಂದು ಆಟದ ಕಾರ್ಡುಗಳಿಂದ. ‘ಮ್ಯಾಜಿಕ್: ದ ಗ್ಯಾದರಿಂಗ್’ ಅಂತ ಒಂದು ಕಾರ್ಡ್ ಆಟ ಇದೆ. ಅದರ ಆನ್‌ಲೈನ್ ಕಾರ್ಡುಗಳನ್ನ ಕೊಡು-ಕೊಳ್ಳೋಕೆ ಒಂದು ವೆಬ್‌ಸೈಟ್ ಮಾಡಬೇಕು ಅಂತ 2007ರಲ್ಲಿ ಜೆಡ್ ಮೆಕ್‌ಕೇಲೆಬ್ ಅನ್ನೋ ಅಮೆರಿಕದ ಪ್ರೋಗ್ರಾಮರ್ ಒಂದು ವಿಳಾಸ ಕೊಂಡುಕೊಂಡ. ಆಟದ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಜೋಡಿಸಿ ‘ಎಂ.ಟಿ. ಗಾಕ್ಸ್’ ಅಂತ ಹೆಸರಿಟ್ಟ. ಕಾರ್ಡು ವ್ಯಾಪಾರ ಹೆಚ್ಚು ದಿನ ನಡೀಲಿಲ್ಲ. 2010ರ ಜುಲೈನಲ್ಲಿ ಅದೇ ವಿಳಾಸದಲ್ಲಿ ಬಿಟ್‌ಕಾಯಿನ್ ಎಕ್ಸ್‌ಚೇಂಜ್ ಶುರು ಮಾಡಿದ. ಜನ ಅದನ್ನ ಮೌಂಟ್ ಗಾಕ್ಸ್ ಅಂತ ಕರೆದರು. 2011ರ ಮಾರ್ಚ್‌ನಲ್ಲಿ ಜಪಾನ್‌ನಲ್ಲಿದ್ದ ಮಾರ್ಕ್ ಕಾರ್ಪೆಲೆಸ್ ಅನ್ನೋ ಫ್ರೆಂಚ್ ಡೆವಲಪರ್‌ಗೆ ಅದನ್ನ ಮಾರಿಬಿಟ್ಟ.

ಹೊಸ ಮಾಲೀಕನಿಗೆ ಮೂರೇ ತಿಂಗಳಲ್ಲಿ ಮೊದಲ ಏಟು ಬಿತ್ತು. 2011ರ ಜೂನ್ 19. ಕಂಪನಿಯ ಲೆಕ್ಕ ನೋಡೋಕೆ ಪ್ರವೇಶ ಇದ್ದ ಒಂದು ಅಕೌಂಟ್ ಯಾರದ್ದೋ ಕೈಗೆ ಸಿಕ್ಕಿತು. ಅವನು ರಾಶಿ ರಾಶಿ ಕಾಯಿನ್ ಮಾರಾಟಕ್ಕೆ ಇಟ್ಟ. 17 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ನಿಮಿಷಗಳಲ್ಲಿ 1 ಸೆಂಟ್‌ಗೆ ಬಂತು. ಗ್ರಾಹಕರ ಇಮೇಲ್, ಪಾಸ್‌ವರ್ಡ್ ಮಾಹಿತಿಯೂ ಸೋರಿತು. ಆ ದಿನದ ವ್ಯಾಪಾರ ರದ್ದು ಮಾಡಿ, ವಾರದೊಳಗೆ ಮತ್ತೆ ಅಂಗಡಿ ತೆಗೆದರು. ಜನ ಕೂಡ ‘ಸರಿ ಆಯ್ತಲ್ಲ’ ಅಂತ ವಾಪಸ್ ಬಂದರು.

ದೊಡ್ಡ ಕಳ್ಳತನ ಶುರುವಾಗಿದ್ದು ಆಮೇಲೆ. ಅದನ್ನ ಅರ್ಥ ಮಾಡ್ಕೊಳ್ಳೋಕೆ ಎಕ್ಸ್‌ಚೇಂಜ್ ಒಳಗೆ ಏನು ನಡೆಯುತ್ತೆ ಅಂತ ಸ್ವಲ್ಪ ತಿಳ್ಕೋಬೇಕು. ನಿಮ್ಮ ಆ್ಯಪ್‌ನಲ್ಲಿ ‘0.5 ಬಿಟ್‌ಕಾಯಿನ್’ ಅಂತ ಕಾಣುತ್ತಲ್ಲ, ಅದು ಕಾಯಿನ್ ಅಲ್ಲ. ಕಂಪನಿ ತನ್ನ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿರೋ ಒಂದು ಅಂಕಿ, ಅಷ್ಟೇ. ನಿಜವಾದ ಕಾಯಿನ್ ಕಂಪನಿಯ ವ್ಯಾಲೆಟ್‌ನಲ್ಲಿ ಇರುತ್ತೆ. ಆ ವ್ಯಾಲೆಟ್ ತೆಗೆಯೋ ಕೀ, ಅಂದ್ರೆ ಉದ್ದನೆಯ ಒಂದು ರಹಸ್ಯ ಸಂಖ್ಯೆ, ಯಾರ ಹತ್ತಿರ ಇದೆಯೋ ಕಾಯಿನ್ ಅವರ ಕೈಯಲ್ಲಿ. ಪುಸ್ತಕ ಬೇರೆ, ಪೆಟ್ಟಿಗೆ ಬೇರೆ.

ನಾನು ಓದಿದ್ದು ಬಿ.ಕಾಂ. ಬ್ಯಾಂಕ್ ಪಾಸ್‌ಬುಕ್ಕು, ಕ್ಯಾಶ್‌ಬುಕ್ಕು ಎರಡೂ ತಾಳೆ ನೋಡೋದನ್ನ ಶುರುವಿನಲ್ಲೇ ಕಲಿಸ್ತಾರೆ. ಕಾಲೇಜೇನೂ ಬೇಕಿಲ್ಲ, ನಮ್ಮೂರ ಕಿರಾಣಿ ಅಂಗಡಿಯವರು ರಾತ್ರಿ ಬಾಗಿಲು ಹಾಕೋ ಮುಂಚೆ ಗಲ್ಲಾ ಎಣಿಸಿ ಲೆಕ್ಕ ತಾಳೆ ನೋಡೇ ನೋಡ್ತಾರೆ. ಪ್ರಪಂಚದ ಅತಿ ದೊಡ್ಡ ಬಿಟ್‌ಕಾಯಿನ್ ಅಂಗಡಿಯಲ್ಲಿ ಅದು ಆಗಲಿಲ್ಲ.

2013ರ ಹೊತ್ತಿಗೆ ಪ್ರಪಂಚದ ಬಿಟ್‌ಕಾಯಿನ್ ವ್ಯಾಪಾರದ ಸುಮಾರು 70% ಇದೇ ಎಕ್ಸ್‌ಚೇಂಜ್‌ನಲ್ಲಿ ನಡೀತಿತ್ತು. ಆ ವರ್ಷದ ಕೊನೆಗೆ ಬೆಲೆ 1,000 ಡಾಲರ್ ದಾಟಿತು. ಆದರೆ ಡಾಲರ್ ವಾಪಸ್ ತಗೊಳ್ಳೋಕೆ ಹೋದವರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯೋ ಸ್ಥಿತಿ. 2014ರ ಫೆಬ್ರವರಿ 7ಕ್ಕೆ ಬಿಟ್‌ಕಾಯಿನ್ ವಾಪಸ್ ಕೊಡೋದನ್ನೂ ನಿಲ್ಲಿಸಿದರು. ಬಿಟ್‌ಕಾಯಿನ್ ಸಾಫ್ಟ್‌ವೇರ್‌ನಲ್ಲೇ ಒಂದು ದೋಷ ಇದೆ, ಅದರಿಂದ ತೊಂದರೆ ಅಂತ ಕಾರಣ ಕೊಟ್ಟರು. ಲಂಡನ್‌ನಿಂದ ಒಬ್ಬ ಗ್ರಾಹಕ ವಿಮಾನ ಹತ್ತಿ ಬಂದು, ಟೋಕಿಯೋ ಆಫೀಸಿನ ಮುಂದೆ ಚಳಿಯಲ್ಲಿ ‘ನಮ್ಮ ದುಡ್ಡು ಎಲ್ಲಿ?’ ಅಂತ ಫಲಕ ಹಿಡಿದು ನಿಂತ. ಫೆಬ್ರವರಿ 24ಕ್ಕೆ ವ್ಯಾಪಾರ ನಿಂತಿತು, ವೆಬ್‌ಸೈಟ್ ಖಾಲಿ ಪುಟ ಆಯ್ತು. ಫೆಬ್ರವರಿ 28ಕ್ಕೆ ಕಂಪನಿ ಕೋರ್ಟಿಗೆ ಹೋಗಿ ದಿವಾಳಿ ರಕ್ಷಣೆ ಕೇಳಿತು.

ಆಗ ಹೊರಬಂದ ಲೆಕ್ಕ: ಗ್ರಾಹಕರ 7,50,000 ಬಿಟ್‌ಕಾಯಿನ್, ಕಂಪನಿಯದ್ದೇ 1,00,000. ಒಟ್ಟು 8,50,000 ಕಾಣೆ. ಆಗಿನ ಬೆಲೆಯಲ್ಲೇ 45 ಕೋಟಿ ಡಾಲರ್‌ಗೂ ಹೆಚ್ಚು. ಇನ್ನೂ ವಿಚಿತ್ರ ಏನು ಗೊತ್ತಾ? ಮಾರ್ಚ್‌ನಲ್ಲಿ ‘ಹಳೇ ವ್ಯಾಲೆಟ್ ಒಂದರಲ್ಲಿ 2,00,000 ಸಿಕ್ಕಿತು’ ಅಂದರು. ತನ್ನ ಪೆಟ್ಟಿಗೆಯಲ್ಲಿ ಎಷ್ಟಿಲ್ಲ ಅನ್ನೋದು ಮಾತ್ರ ಅಲ್ಲ, ಎಷ್ಟಿದೆ ಅನ್ನೋದೂ ಆ ಕಂಪನಿಗೆ ಗೊತ್ತಿರಲಿಲ್ಲ.

ಹಾಗಾದ್ರೆ ಉಳಿದ 6,50,000 ಎಲ್ಲಿ ಹೋಯ್ತು? ಇದನ್ನ ಬಿಡಿಸಿದ್ದು ದುಡ್ಡು ಕಳ್ಕೊಂಡ ಗ್ರಾಹಕರಲ್ಲೇ ಒಬ್ಬ. ಕಿಮ್ ನಿಲ್ಸನ್, ಟೋಕಿಯೋದಲ್ಲಿದ್ದ ಸ್ವೀಡನ್ನಿನ ಎಂಜಿನಿಯರ್. ಬ್ಲಾಕ್‌ಚೈನ್‌ನಲ್ಲಿ ಪ್ರತಿ ವರ್ಗಾವಣೆಯೂ ಎಲ್ಲರಿಗೂ ಕಾಣೋ ಹಾಗೆ ಶಾಶ್ವತವಾಗಿ ಇರುತ್ತೆ. ಅವನು ಅದನ್ನೂ ಸೋರಿಕೆಯಾದ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದ. ಕಂಪನಿ ಮಾಡಬೇಕಿದ್ದ ಕೆಲಸ ಅದು. ಅವನ ತಂಡ ಹೇಳಿದ್ದು ಇಷ್ಟು: ವ್ಯಾಲೆಟ್‌ನ ಕೀಗಳು 2011ರ ಸೆಪ್ಟೆಂಬರ್ ಹೊತ್ತಿಗೇ ಕಳ್ಳರ ಕೈ ಸೇರಿದ್ದವು. ಅಲ್ಲಿಂದ ಕಾಯಿನ್ ಸ್ವಲ್ಪ ಸ್ವಲ್ಪವಾಗಿ ಸೋರಿ, 2013ರ ಮಧ್ಯದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲಾ ಖಾಲಿಯಾಗಿತ್ತು. ಅಂದ್ರೆ 2013ರ ಕೊನೆಯಲ್ಲಿ ಜನ ಮುಗಿಬಿದ್ದು ಕೊಂಡಾಗ, ಅವರು ಕೊಂಡುಕೊಂಡಿದ್ದು ಬರೀ ಪುಸ್ತಕದ ಅಂಕಿ.

ಕಾರ್ಪೆಲೆಸ್‌ನನ್ನ 2015ರ ಆಗಸ್ಟ್‌ನಲ್ಲಿ ಬಂಧಿಸಿದರು. 2019ರ ಮಾರ್ಚ್‌ನಲ್ಲಿ ಟೋಕಿಯೋ ಕೋರ್ಟ್, ದಾಖಲೆ ತಿದ್ದಿದ ತಪ್ಪಿಗೆ ಎರಡೂವರೆ ವರ್ಷದ ಅಮಾನತು ಶಿಕ್ಷೆ ಕೊಟ್ಟಿತು, ದುಡ್ಡು ನುಂಗಿದ ಆರೋಪದಿಂದ ಬಿಟ್ಟಿತು. ಕಳ್ಳತನದ ಆರೋಪ ಬಂದಿದ್ದು ಬೇರೆಯವರ ಮೇಲೆ. 2023ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ರಷ್ಯಾದ ಇಬ್ಬರ ಹೆಸರು ಹೇಳಿತು.

ಈಗ ನಮ್ಮ ತಲೆಬರಹದ ಪ್ರಶ್ನೆಗೆ ಬರೋಣ. ಒಬ್ಬ ಗ್ರಾಹಕ ಕೋರ್ಟಿಗೆ ಹೋಗಿ ಹೇಳಿದ: ‘ಅಲ್ಲಿ ಉಳಿದಿರೋ ಕಾಯಿನ್‌ನಲ್ಲಿ ನನ್ನದೂ ಇದೆ. ನಾನು ಅದರ ಮಾಲೀಕ. ವಾಪಸ್ ಕೊಡಿ.’ 2015ರ ಆಗಸ್ಟ್‌ನಲ್ಲಿ ಟೋಕಿಯೋ ಜಿಲ್ಲಾ ಕೋರ್ಟ್ ಒಪ್ಪಲಿಲ್ಲ. ಜಪಾನ್‌ನ ಸಿವಿಲ್ ಕಾನೂನಿನಲ್ಲಿ ‘ವಸ್ತು’ ಅಂದ್ರೆ ಕೈಗೆ ಸಿಗೋ ವಸ್ತು. ಬಿಟ್‌ಕಾಯಿನ್ ಕೈಗೆ ಸಿಗಲ್ಲ, ಹಾಗಾಗಿ ಅದರ ಮೇಲೆ ಮಾಲೀಕತ್ವ ಇಲ್ಲ ಅಂತು ಕೋರ್ಟ್. ಗ್ರಾಹಕ ಏನಾದ ಹಾಗಾದ್ರೆ? ಬರೀ ಸಾಲಗಾರ, ಅಂದ್ರೆ ಕಂಪನಿಯಿಂದ ಬಾಕಿ ಬರಬೇಕಾದವನು. ನೀವು ಬೀರುವಿನಲ್ಲಿಟ್ಟ ಒಡವೆ ಕೇಳ್ತಿದ್ದೀರಿ, ಅವರು ‘ಚೀಟಿ ದುಡ್ಡಿನ ಸಾಲಿನಲ್ಲಿ ನಿಂತ್ಕೊಳ್ಳಿ’ ಅಂದ ಹಾಗೆ.

ಇದರ ಪರಿಣಾಮ ಕೇಳಿ. ದಿವಾಳಿ ಕಾನೂನಿನ ಪ್ರಕಾರ ಪ್ರತಿ ಬಾಕಿಯನ್ನೂ ಯೆನ್‌ಗೆ ಬದಲಾಯಿಸಿ ಬರೆದರು. 1 ಬಿಟ್‌ಕಾಯಿನ್‌ಗೆ 50,058 ಯೆನ್, 2014ರ ಏಪ್ರಿಲ್‌ನ ದರ. ಡಾಲರ್‌ನಲ್ಲಿ ಸುಮಾರು 483. ಆದರೆ 2017ರ ಡಿಸೆಂಬರ್‌ಗೆ ಬೆಲೆ 20,000 ಡಾಲರ್ ಹತ್ತಿರ ಹೋಯ್ತು. ಉಳಿದಿದ್ದ ಕಾಯಿನ್‌ನ ಒಂದು ಭಾಗ ಮಾರಿದರೇ ಯೆನ್ ಲೆಕ್ಕದ ಬಾಕಿ ಪೂರ್ತಿ ತೀರಿ ಇನ್ನೂ ಮಿಗುತ್ತೆ. ಮಿಕ್ಕಿದ್ದು ಯಾರಿಗೆ? ಷೇರುದಾರರಿಗೆ. ದೊಡ್ಡ ಷೇರುದಾರ ಯಾರು? ಕಾರ್ಪೆಲೆಸ್‌ನ ಕಂಪನಿ! ದುಡ್ಡು ಕಳೆದವರ ಕಾಯಿನ್ ಬೆಲೆ ಏರಿದ್ದರ ಲಾಭ, ಅಂಗಡಿ ಮುಳುಗಿಸಿದವರಿಗೆ ಹೋಗೋ ಲೆಕ್ಕ. ತನಗೆ ಆ ದುಡ್ಡು ಬೇಡ ಅಂತ ಆತ ಬಹಿರಂಗವಾಗೇ ಹೇಳಿದ. ಆದರೆ ನ್ಯಾಯ ಒಬ್ಬರ ಒಳ್ಳೆ ಮನಸ್ಸಿನ ಮೇಲೆ ನಿಲ್ಲಬಾರದಲ್ವಾ? ಗ್ರಾಹಕರು ಅರ್ಜಿ ಹಾಕಿ ಹೋರಾಡಿದರು. 2018ರ ಜೂನ್‌ನಲ್ಲಿ ಕೋರ್ಟ್ ಪ್ರಕರಣವನ್ನ ದಿವಾಳಿಯಿಂದ ‘ಸಿವಿಲ್ ಪುನರ್ವಸತಿ’ ಅನ್ನೋ ಬೇರೆ ಕಾನೂನಿಗೆ ಬದಲಾಯಿಸಿತು. ಅದರಲ್ಲಿ ಕಾಯಿನ್ ರೂಪದಲ್ಲೇ ಪಾಲು ಹಂಚಬಹುದು.

ಕಾಯಿನ್ ಹಂಚಿಕೆ ಶುರುವಾಗಿದ್ದು 2024ರ ಜುಲೈನಲ್ಲಿ. ಹತ್ತು ವರ್ಷ ಆದ ಮೇಲೆ! ಸುಮಾರು 1,42,000 ಬಿಟ್‌ಕಾಯಿನ್ ಹಂಚೋಕೆ ಇತ್ತು, ಅಂದ್ರೆ ಕಳ್ಕೊಂಡಿದ್ದರ ಐದನೇ ಒಂದು ಭಾಗದ ಆಸುಪಾಸು. 10 ಕಾಯಿನ್ ಇದ್ದವರಿಗೆ ಸುಮಾರು 2 ಕಾಯಿನ್ ಅಂತ ಇಟ್ಕೊಳ್ಳಿ. ಹಳೇ ಲೆಕ್ಕದಲ್ಲಿ ಅವರಿಗೆ ಸಿಗ್ತಿದ್ದಿದ್ದು 4,830 ಡಾಲರ್. ಆ ಜುಲೈನಲ್ಲಿ ಬೆಲೆ 60,000 ಡಾಲರ್ ಆಸುಪಾಸಿತ್ತು, ಹಾಗಾಗಿ 2 ಕಾಯಿನ್‌ಗೆ 1,20,000 ಡಾಲರ್. ‘ಅಯ್ಯೋ, ಕಳ್ಳತನ ಆಗಿದ್ದೇ ಒಳ್ಳೇದಾಯ್ತು’ ಅಂತ ಇಂಟರ್ನೆಟ್‌ನಲ್ಲಿ ಜೋಕ್ ಮಾಡಿದರು. ಆದರೆ ಕಾಯೋ ಶಕ್ತಿ ಇಲ್ಲದವರು ತಮ್ಮ ಬಾಕಿಯ ಹಕ್ಕನ್ನ ಹೂಡಿಕೆ ಕಂಪನಿಗಳಿಗೆ ಕಡಿಮೆ ಬೆಲೆಗೆ ಮೊದಲೇ ಮಾರಿದ್ದರು. ಲಾಭ ಆಗಿದ್ದು ಕಾಯೋಕೆ ಆದವರಿಗೆ. ಪೂರ್ತಿ ಹಂಚೋ ಗಡುವನ್ನ ಮತ್ತೆ ಮತ್ತೆ ಮುಂದೆ ಹಾಕಿ, 2025ರಲ್ಲಿ ಅದನ್ನ 2026ರ ಅಕ್ಟೋಬರ್‌ಗೆ ತಂದರು.

ಜಪಾನ್ ಪಾಠ ಕಲೀತು. 2017ರ ಏಪ್ರಿಲ್‌ನಿಂದ ಎಕ್ಸ್‌ಚೇಂಜ್‌ಗಳು ಸರ್ಕಾರದ ಹತ್ತಿರ ನೋಂದಾಯಿಸೋದು ಕಡ್ಡಾಯ ಆಯ್ತು. 2018ರ ಜನವರಿಯಲ್ಲಿ ಕಾಯಿನ್‌ಚೆಕ್ ಅನ್ನೋ ಎಕ್ಸ್‌ಚೇಂಜ್‌ನಿಂದ 52 ಕೋಟಿಗೂ ಹೆಚ್ಚು ನೆಮ್ ಕಾಯಿನ್ ಕಳುವಾದಾಗ, ಕಂಪನಿ ತನ್ನ ದುಡ್ಡಿನಿಂದ ಗ್ರಾಹಕರಿಗೆ ಯೆನ್‌ನಲ್ಲಿ ಪರಿಹಾರ ಕೊಟ್ಟಿತು. ಆಮೇಲೆ ಕಾನೂನು ಇನ್ನೂ ಬಿಗಿಯಾಯ್ತು. ಗ್ರಾಹಕರ ಕಾಯಿನ್‌ನಲ್ಲಿ ಹೆಚ್ಚಿನ ಪಾಲು ಇಂಟರ್ನೆಟ್‌ಗೆ ಸಿಗದ ವ್ಯಾಲೆಟ್‌ನಲ್ಲೇ ಇರಬೇಕು ಅಂತಾಯ್ತು.

ನಮ್ಮಲ್ಲಿ? 2024ರ ಜುಲೈ 18, ಮೌಂಟ್ ಗಾಕ್ಸ್ ಕಾಯಿನ್ ಹಂಚಿಕೆ ಶುರುವಾದ ಅದೇ ತಿಂಗಳು, ಭಾರತದ ವಜೀರ್‌ಎಕ್ಸ್‌ನ ಒಂದು ವ್ಯಾಲೆಟ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕಾಯಿನ್ ಹೋಯ್ತು. ಹೆಚ್ಚುಕಡಿಮೆ 2,000 ಕೋಟಿ ರೂಪಾಯಿ. ಹಿಂದೆ ಇದ್ದಿದ್ದು ಉತ್ತರ ಕೊರಿಯಾದ ಹ್ಯಾಕರ್‌ಗಳು ಅಂತ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ದುಡ್ಡು ಕೇಳಿದ ಭಾರತದ ಹುಡುಗರಿಗೆ ಉತ್ತರ ಬಂದಿದ್ದು ಸಿಂಗಾಪುರದ ಕೋರ್ಟಿನಿಂದ, ಯಾಕಂದ್ರೆ ಮೂಲ ಕಂಪನಿ ಅಲ್ಲಿತ್ತು. ಮೊದಲ ಯೋಜನೆಯನ್ನ ಆ ಕೋರ್ಟ್ ಒಪ್ಪಲಿಲ್ಲ, ತಿದ್ದಿದ ಯೋಜನೆಗೆ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಹದಿನೈದು ತಿಂಗಳು ಗ್ರಾಹಕರ ಕಾಯಿನ್ ಅಲ್ಲೇ ಸಿಕ್ಕಿಹಾಕ್ಕೊಂಡಿತ್ತು.

ಅದೇ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನಿಂದ ಒಂದು ತೀರ್ಪು ಬಂತು. ಒಬ್ಬ ಗ್ರಾಹಕರ ಹತ್ತಿರ ಇದ್ದಿದ್ದು ಎಕ್ಸ್‌ಆರ್‌ಪಿ ಕಾಯಿನ್. ಹ್ಯಾಕ್ ಆಗಿದ್ದು ಬೇರೆ ಜಾತಿಯ ಕಾಯಿನ್. ‘ನನ್ನದು ಕಳುವಾಗೇ ಇಲ್ಲ, ನಷ್ಟದಲ್ಲಿ ನಾನ್ಯಾಕೆ ಪಾಲು ಕೊಡಲಿ?’ ಅನ್ನೋದು ಅವರ ವಾದ. ಕ್ರಿಪ್ಟೋ ಕೈಗೆ ಸಿಗೋ ವಸ್ತು ಅಲ್ಲದಿದ್ದರೂ ಅದು ಆಸ್ತಿಯೇ, ಒಬ್ಬರ ಪರವಾಗಿ ಇನ್ನೊಬ್ಬರು ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದ ಆಸ್ತಿ ಅಂತ ಕೋರ್ಟ್ ಹೇಳಿ, ಅವರಿಗೆ ಮಧ್ಯಂತರ ರಕ್ಷಣೆ ಕೊಟ್ಟಿತು. ಹತ್ತು ವರ್ಷದ ಹಿಂದೆ ಟೋಕಿಯೋ ‘ಇಲ್ಲ’ ಅಂದಿದ್ದಕ್ಕೆ ಚೆನ್ನೈ ‘ಹೌದು’ ಅಂದ ಹಾಗಾಯ್ತು. ನನಗೆ ಈ ಇಡೀ ಇತಿಹಾಸದಲ್ಲಿ ಮುಖ್ಯ ಅನ್ನಿಸೋದು ಇದೇ. ಕಳ್ಳ ಸಿಗ್ತಾನಾ ಅನ್ನೋದು ಒಂದು ಪ್ರಶ್ನೆ. ಉಳಿದಿದ್ದನ್ನ ಹಂಚೋವಾಗ ನೀವು ಮಾಲೀಕರಾ, ಸಾಲಿನಲ್ಲಿ ನಿಂತವರಾ ಅನ್ನೋದು ಅದಕ್ಕಿಂತ ದೊಡ್ಡದು.

ಆದರೂ ಒಂದು ಹೈಕೋರ್ಟಿನ ಮಧ್ಯಂತರ ಆದೇಶ ಅಂದ್ರೆ ಸಂಸತ್ತು ಮಾಡಿದ ಕಾನೂನು ಅಲ್ಲ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ, ಕ್ರಿಪ್ಟೋಗೆ ಅಂಥದ್ದಿಲ್ಲ. ಲಾಭ ಬಂದರೆ 2022ರ ಏಪ್ರಿಲ್‌ನಿಂದ 30% ತೆರಿಗೆ ಇದೆ, ಒಂದು ಕಾಯಿನ್‌ನ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಅಂದ್ಕೋಬೇಡಿ.

ಇನ್ನು, ಕೇಳುಗರು ಹೆಚ್ಚಾಗಿ ಕೇಳೋ ಪ್ರಶ್ನೆ: ‘ಬ್ರೋ, ಎಕ್ಸ್‌ಚೇಂಜ್ ಅಲ್ಲ, ನನ್ನ ಅಕೌಂಟೇ ಹ್ಯಾಕ್ ಆದ್ರೆ?’ ಮೊದಲು ಎಕ್ಸ್‌ಚೇಂಜ್‌ಗೆ ಹೇಳಿ ಅಕೌಂಟ್ ಲಾಕ್ ಮಾಡಿಸಿ. ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ಯಾಕಂದ್ರೆ ಕಳ್ಳ ಬರೋ ದಾರಿ ಸಾಮಾನ್ಯವಾಗಿ ಅದೇ. ಕೂಡಲೇ 1930ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕಾಯಿನ್ ಹೋದ ವಿಳಾಸ, ವರ್ಗಾವಣೆಯ ಹ್ಯಾಶ್ ಸಂಖ್ಯೆ, ಸಮಯ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಕದ್ದ ಕಾಯಿನ್ ಬೇರೆ ಎಕ್ಸ್‌ಚೇಂಜ್‌ಗೆ ಹೋಗಿದ್ದರೆ, ಪೊಲೀಸರು ಕೇಳಿದಾಗ ಅಲ್ಲಿ ತಡೆಹಿಡಿಯೋ ಸಾಧ್ಯತೆ ಇರುತ್ತೆ. ಮೌಂಟ್ ಗಾಕ್ಸ್ ಕಳ್ಳತನದ ಜಾಡು ವರ್ಷಗಳಾದ ಮೇಲೂ ಸಿಕ್ಕಿದ್ದು ಈ ದಾಖಲೆಗಳಿಂದಲೇ. ಮತ್ತೆ, ಟೆಲಿಗ್ರಾಂನಲ್ಲಿ ‘ನಿಮ್ಮ ಕಾಯಿನ್ ವಾಪಸ್ ತರಿಸ್ತೀವಿ, ಮುಂಗಡ ಫೀಸ್ ಕಳಿಸಿ’ ಅಂತ ಬರೋರಿಗೆ ಒಂದು ರೂಪಾಯಿನೂ ಕೊಡಬೇಡಿ. ಅವರು ಎರಡನೇ ಸಲ ದೋಚೋಕೆ ಬಂದವರು.

ಕೊನೆಯದಾಗಿ, ಎಕ್ಸ್‌ಚೇಂಜ್‌ನಲ್ಲಿ ಕಾಯಿನ್ ಇಟ್ಟಿರೋರು ಇವತ್ತು ರಾತ್ರಿ ಬಳಕೆದಾರರ ಒಪ್ಪಂದ ಒಮ್ಮೆ ತೆಗೆದು ಓದಿ. ಕಂಪನಿ ನೋಂದಣಿ ಆಗಿರೋದು ಯಾವ ದೇಶದಲ್ಲಿ, ಜಗಳ ಆದ್ರೆ ಯಾವ ಊರಿನ ಕೋರ್ಟು, ಕಾಯಿನ್ ಮಾಲೀಕತ್ವ ಯಾರದ್ದು ಅಂತ ಬರೆದಿದ್ದಾರೆ, ಈ ಮೂರು ಹುಡುಕಿ. ಸಿಕ್ಕಿದ್ದನ್ನ ನನಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ನೋಡೋಣ.